ಹೊರ ಅಂಕಣ

೧೫ ಮೇ ೧೯೫೫, ಭಾನುವಾರ

ನಮ್ಮ ಕಡವಿನ ಚಾವಡಿಯಲ್ಲಿ ಮನುಷ್ಯರನ್ನು ಎರಡು ಪಾಲು ಮಾಡಿ ಕೂರಿಸುತ್ತಾರೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಹುಟ್ಟಿದಂದಿನಿಂದ ನೋಡುತ್ತಿದ್ದೇನೆ, ಕಂಡದ್ದು ಇವತ್ತು. ಶಿರಂಗಾಲದಿಂದ ಕೆಳಗೆ ಹೊಳೆ ತಿರುಗುವಲ್ಲಿ ನಮ್ಮ ಕಡವು. ಆಚೆ ದಡ ಮೈಸೂರು ಸೀಮೆ, ಈಚೆ ದಡ ಕೊಡಗು. ಹರಿಗೋಲಿಗೆ ಕಾಯುವವರಿಗೆಂದು ಯಾವ ಕಾಲದಲ್ಲೋ ಕಟ್ಟಿದ ಮರದ ಚಾವಡಿ. ಗೋಡೆ ಎಂಬುದು ಬರೀ ನೆಪ, ಬಿದಿರಿನ ತಡಿಕೆಗೆ ಮೆತ್ತಿದ ಮಣ್ಣು. ಭಾರವೆಲ್ಲ ಕಂಬ ತೊಲೆಗಳ ಮೇಲೆ. ಕಬ್ಬಿಣದ ಮೊಳೆಯೇ ಇಲ್ಲ, ಎಲ್ಲ ಮರದ ಗೂಟ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಒಳಗೆ ನಾಲ್ಕು ಅಂಕಣ, ಒಂದೇ ಅಳತೆಯ ಹೊನ್ನೆ ಕಂಬಗಳು, ಕೂರಲು ಹಲಗೆ. ತಡಿಕೆಯ ಆಚೆ, ಹೊಳೆಯ ಕಡೆಗೆ, ಐದನೆಯದು. ಅದನ್ನು ಹೊರ ಅಂಕಣ ಎನ್ನುತ್ತಾರೆ. ಮಾಡು ಎಷ್ಟು ತಗ್ಗೆಂದರೆ ಬಗ್ಗಿ ಹೋಗಬೇಕು. ಕೇರಿಯವರು ಅಲ್ಲಿ ಕೂರಬೇಕು. ಹರಿಗೋಲಿನಲ್ಲೂ ಅವರದು ಕೊನೆಯ ಸರದಿ, ಆದ್ದರಿಂದ ಬಹಳ ಹೊತ್ತು ಕೂರಬೇಕು.

ನಮ್ಮ ಗದ್ದೆಗೆ ನಾಟಿಗೆ ಬರುವ ಗಂಗೆ ಅಲ್ಲಿದ್ದಳು, ಗಂಡ ಕೆಂಚನ ಜೊತೆ. “ಒಳಗೆ ಬಾ ಗಂಗಕ್ಕ” ಎಂದೆ.

“ಇಲ್ಲೇ ಗಾಳಿ ಚೆನ್ನಾಗದೆ ಅವ್ವಾರೆ.”

“ಅವ್ವಾರೆ ಅನ್ನಬೇಡ. ಸರೋಜ ಅನ್ನು.”

ಗಂಗೆ ಗಂಡನ ಕಡೆ ತಿರುಗಿದಳು. “ಕೇಳಿದ್ಯಾ? ಪಟೇಲರ ಮೊಮ್ಮಗಳನ್ನ ಹೆಸರಿಡಿದು ಕೂಗ್ಬೇಕಂತೆ. ಮೊದ್ಲು ನೀನು ಕೂಗು. ನಿಂಗೇನಾಯ್ತದೆ ನೋಡ್ಕೊಂಡು ಆಮ್ಯಾಕೆ ನಾನು ಕೂಗ್ತೀನಿ.”

ಕೆಂಚ ಎಲೆಯಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋದ. ನನಗೆ ನಗು ಬರಲಿಲ್ಲ. ದಾಸ್ಯ ನಾಲಗೆಯವರೆಗೂ ಇಳಿದಿರುತ್ತದೆ ಎಂದು ಹೋದ ತಿಂಗಳು ಬಂದ ಕರಪತ್ರದಲ್ಲಿತ್ತು. ಫ್ರೇಸರ್‌ಪೇಟೆಯಲ್ಲಿ ಬಸ್ ಏಜೆಂಟಾಗಿರುವ ಧರ್ಮಪಾಲ ಮಾವ, ಜನ ಸೀಟಿನ ಮೇಲೆ ಬಿಟ್ಟುಹೋದ ಕರಪತ್ರಗಳನ್ನು ನನಗೆ ತಂದುಕೊಡುತ್ತಾನೆ. ಅವನು ಓದುವುದಿಲ್ಲ. ನಾನು ಪ್ರತಿಯೊಂದನ್ನೂ ಬಾಯಿಪಾಠ ಬರುವ ತನಕ ಓದುತ್ತೇನೆ.

ಹೊರ ಅಂಕಣ ಹೋಗಬೇಕು. ಹೊರಗೆ ಜಾಗವೇ ಇಲ್ಲದಿದ್ದರೆ ಎಲ್ಲರೂ ಒಳಗೆ ಬರಲೇಬೇಕಲ್ಲ.

೧೮ ಮೇ, ಬುಧವಾರ

ಚಾವಡಿಯ ಚರಿತ್ರೆ ಬರೆದೆ. ಇದಕ್ಕೆ ಮುಂಚೆ ಯಾರೂ ಬರೆದಿಲ್ಲ. ಬೆಳಿಗ್ಗೆ ಹೋಗಿ ಒಂದೊಂದು ಕಂಬವನ್ನೂ ನೋಡಿ ಬಂದೆ. ಒಳಗಿನವು ಒಂದೇ ಜಾತಿಯ ಮರ, ನೂಲು ಹಿಡಿದಂತೆ ನೇರ. ಹೊರಗಿನವು ಒಂದು ನೇರಳೆ, ಒಂದು ಮತ್ತಿ, ಒಂದು ಹಲಸು, ಒಂದಕ್ಕೆ ಹೆಸರೇ ತಿಳಿಯದು. ಅದು ಸೊಟ್ಟ ಬೇರೆ, ಇನ್ನೊಂದಕ್ಕೆ ಕಲ್ಲು ಕೊಟ್ಟು ಎತ್ತರಿಸಿದ್ದಾರೆ. ಹೀಗೆ ಬರೆದೆ: “ಚಾವಡಿಯನ್ನು ಕಟ್ಟಿಸಿದವರು ಅಳಿದುಳಿದ ಮರವನ್ನು ಬಡವರತ್ತ ಬಿಸಾಡಿ, ಇದು ನಿಮ್ಮ ಸ್ಥಾನ ಎಂದರು. ತಿರಸ್ಕಾರವೇ ಇಲ್ಲಿ ಕಂಬವಾಗಿ ನಿಂತಿದೆ.”

ಕೊನೆಯ ಸಾಲು ಚೆನ್ನಾಗಿದೆ. ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

“ಯಾರನ್ನ ಕೇಳ್ಕೊಂಡು ಬರೆದೆ ಮಗಾ?”

“ಕೇಳುವುದೇನಿದೆ? ಕಂಬ ನೋಡಿದರೇ ಗೊತ್ತಾಗುತ್ತದೆ.”

“ಹೂಂ” ಎಂದು ಮೊರ ಅಲ್ಲಾಡಿಸಿದಳು. ಅಜ್ಜಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ.

೧ ಜೂನ್, ಬುಧವಾರ

ಇವತ್ತಿನಿಂದ ಹೊಸ ಕಾನೂನು ಜಾರಿ. ಅಸ್ಪೃಶ್ಯತೆ ಮಾಡಿದರೆ ಶಿಕ್ಷೆ. ಈ ದಿನಕ್ಕಾಗಿಯೇ ಕಾದಿದ್ದೆ. ಪಂಚಾಯಿತಿಯವರು ನಮ್ಮ ಜಗಲಿಯಲ್ಲಿ ಸೇರಿದ್ದರು. ಅಜ್ಜ ಪಟೇಲ್ ಸಿದ್ದಬಸಪ್ಪನವರು ನಡುವೆ, ಚಾಪೆಯ ಮೇಲೆ. ನಾನು ಬಾಗಿಲ ಬಳಿ ನಿಂತು ಚಾವಡಿಯ ಚರಿತ್ರೆಯನ್ನು ಪೂರ್ತಿ ಓದಿದೆ. ಹೊರ ಅಂಕಣ ಒಂದು ಅಪರಾಧ, ಅದನ್ನು ತೆಗೆಸಿ ಎಂದೆ.

ಜಗಳಕ್ಕೆ ಸಿದ್ಧಳಾಗಿದ್ದೆ. ಜಗಳವೇ ಆಗಲಿಲ್ಲ.

“ತೆಗೀಬೇಕು ಅಂತೀಯಾ?” ಎಂದರು ಅಜ್ಜ.

“ಹೌದು.”

“ಆಗ್ಲಿ ತಗೋ. ಕಾನೂನು ಬಂದ್ಮೇಲೆ ನಾವ್ಯಾರು ಬೇಡ ಅನ್ನಕ್ಕೆ?”

ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹೆಗಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡ. ಸತ್ಯವನ್ನು ನೇರವಾಗಿ ಹೇಳಿದರೆ ಕೋಟೆಗಳು ತಾವಾಗಿ ಉರುಳುತ್ತವೆ ಎಂದು ಓದಿದ್ದೆ. ಇಷ್ಟು ಸುಲಭ ಎಂದುಕೊಂಡಿರಲಿಲ್ಲ.

೫ ಜೂನ್, ಭಾನುವಾರ

ಕೆಡವಿದೆವು!

ಆಚಾರಿ ಗೂಟಗಳನ್ನು ಹಿಂದಿನಿಂದ ಹೊಡೆದು ಬಿಡಿಸಿದ. ಮೊದಲು ಹೆಂಚು, ಆಮೇಲೆ ಪಕ್ಕಾಸು, ತೊಲೆ, ಕೊನೆಗೆ ಕಂಬ. ಒಂದೂ ಮುರಿಯಲಿಲ್ಲ. ಮಧ್ಯಾಹ್ನದೊಳಗೆ ಬರೀ ನೆಲ, ನೆಲದಲ್ಲಿ ಕಂಬದ ಗುಳಿಗಳು. ನಡುವಿನ ತಡಿಕೆಯನ್ನೂ ಕೀಳಲು ಆಚಾರಿ ಹೊರಟಾಗ ಅಜ್ಜ ತಡೆದರು. “ಅದು ಇರ್ಲಿ. ಇಲ್ದಿದ್ರೆ ಹೊಳೆ ಕಡೆಯಿಂದ ಇರಚಲು ಒಳಕ್ಕೆ ಹೊಡೀತದೆ.” ಅದೂ ಸರಿಯೇ.

ಕೇರಿಯವರು ದಾರಿಯ ಮೇಲೆ ನಿಂತು ನೋಡುತ್ತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಂಚ ಹತ್ತಿರ ಬಂದು ನೇರಳೆ ಕಂಬದ ಮೇಲೆ ಕೈಯಿಟ್ಟ, ಹಸುವಿನ ಬೆನ್ನು ಸವರಿದ ಹಾಗೆ. “ಅಯ್ಯ, ಕಂಬಗಳನ್ನ ನಾವು ತಗೊಂಡೋಗ್ಲಾ?” ಎಂದು ಅಜ್ಜನನ್ನು ಕೇಳಿದ.

“ಚಾವಡಿ ಸ್ವತ್ತು ಕಣೋ ಇದು. ನಿಂದು ಹೆಂಗಾಯ್ತದೆ?”

ಎಲ್ಲವನ್ನೂ ನಮ್ಮ ಗಾಡಿ ಕೊಟ್ಟಿಗೆಗೆ ಸಾಗಿಸಿ ಬೀಗ ಹಾಕಿದರು. ಸೌದೆಗೆ ಕೇಳಿದ್ದಾನೆ ಪಾಪ, ಕೊಡಬಹುದಿತ್ತು.

ವಾಪಸು ಬರುವಾಗ ಅಜ್ಜ ಬಹಳ ಗೆಲುವಾಗಿದ್ದರು. ನನ್ನ ತಲೆ ಸವರಿ, “ನಮ್ಮಪ್ಪನ ಕೈಲಿ ಆಗ್ದಿದ್ದು ನಿನ್ನ ಕೈಲಿ ಆಯ್ತು ಬಿಡು” ಎಂದರು. ಅಜ್ಜನ ಬಾಯಲ್ಲಿ ಇಂಥ ಮಾತು ಕೇಳಿದ್ದು ಇದೇ ಮೊದಲು. ಮನುಷ್ಯ ಬದಲಾಗುತ್ತಾನೆ. ಎಪ್ಪತ್ತರಲ್ಲೂ ಬದಲಾಗುತ್ತಾನೆ.

೧೯ ಜೂನ್, ಭಾನುವಾರ

ಮಳೆ ಹಿಡಿದು ನಾಲ್ಕಾರು ದಿನವಾಯಿತು. ಕಡವಿಗೆ ಹೋಗಿದ್ದೆ. ಒಳಗಿನ ನಾಲ್ಕು ಅಂಕಣಗಳಲ್ಲಿ ಮೂರೇ ಜನ. ಕೇರಿಯವರು ಹೊಂಗೆ ಮರದ ಕೆಳಗೆ, ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದರು. ಮುದುಕಿಯೊಬ್ಬಳು ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದಳು.

“ಯಾಕೆ ಇಲ್ಲಿ ನಿಂತಿದ್ದೀರಿ? ಬಾಗಿಲು ತೆರೆದಿದೆ!”

“ಹರಿಗೋಲು ಈಗ ಬತ್ತದೆ ಅವ್ವಾರೆ” ಎಂದಳು ಗಂಗೆ. ಹರಿಗೋಲು ಆಚೆ ದಡದಲ್ಲಿತ್ತು.

ಸಿಟ್ಟು ಬಂತು. ಅವರಿಗಾಗಿ ಊರನ್ನೇ ಎದುರಿಸಿದೆ. ಅವರು ಒಂದು ಹೊಸ್ತಿಲು ದಾಟಲಾರರೆ? ಇಂಥವರಿಂದಲೇ ಕ್ರಾಂತಿ ತಡವಾಗುವುದು.

೨೬ ಜೂನ್, ಭಾನುವಾರ

ಕೆಂಚ ಇವತ್ತು ಬಂದ. ನಾನೇ ಕೈಹಿಡಿದು ಎಳೆದಂತೆ ಕರೆದೆ. ಒಂದು ಕಾಲು ಒಳಗಿಟ್ಟ. ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಪಕ್ಕದಲ್ಲಿದ್ದ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡ. ಇನ್ನೊಬ್ಬ ಎದ್ದು ದೂರದ ಅಂಕಣಕ್ಕೆ ಹೋದ. ಮೂರನೆಯವನು ಕೆಂಚನ ಕಾಲನ್ನೇ ನೋಡುತ್ತ ಕೂತ. ಯಾರೂ ಒಂದು ಮಾತಾಡಲಿಲ್ಲ. ಮಾತಾಡಿದ್ದರೆ ಕಾನೂನು ಹೇಳುತ್ತಿದ್ದೆ.

ಕೆಂಚ ಕಾಲು ಹಿಂದಕ್ಕೆ ತೆಗೆದ. “ಕೆಸರು ಕಾಲು ಅವ್ವಾರೆ, ತೊಳ್ಕೊಂಡು ಬತ್ತೀನಿ” ಎಂದ. ಮತ್ತೆ ಬರಲಿಲ್ಲ.

ಮೌನಕ್ಕೆ ಯಾವ ಕಲಮು ಹಾಕುವುದು?

೧೭ ಜುಲೈ, ಭಾನುವಾರ

ಬರೆಯಲು ಕೂತು ಬಹಳ ಹೊತ್ತಾಯಿತು.

ಗಂಗೆಯ ಮಗಳು ಚಿನ್ನಿಯನ್ನು ಆಚೆ ದಡದ ಊರಿಗೆ ಮದುವೆ ಮಾಡಿಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆ, ತವರಿಗೆ ಕರೆತರಲು ಗಂಗೆ ಹೋಗಿದ್ದಳು. ತುಂಬಿದ ಹೊಳೆಯಲ್ಲಿ ಇವತ್ತಿನ ಕೊನೆಯ ಹರಿಗೋಲು ಅವರದೇ. ದಡಕ್ಕೆ ಬಂದರು. ಆದರೆ ಕೇರಿಗೆ ಹೋಗುವ ದಾರಿಯ ಹಳ್ಳ ತುಂಬಿ ಹರಿಯುತ್ತಿತ್ತು. ಇಳಿಯುವ ತನಕ ಕಾಯಬೇಕು. ನಾನು ಹೋಗುವಷ್ಟರಲ್ಲಿ ಇಬ್ಬರೂ ಹೊಂಗೆ ಮರಕ್ಕೆ ಒರಗಿ ನಿಂತಿದ್ದರು. ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಚಿನ್ನಿ ನನಗಿಂತ ಚಿಕ್ಕವಳು. ತುಂಬಿದ ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು, ಗಾಳಿ ಕಿತ್ತುಕೊಂಡು ಹೋಗುತ್ತದೆ ಎಂಬಂತೆ.

ಚಾವಡಿಯೊಳಗೆ ಅಜ್ಜ ಮತ್ತು ಅವರ ಜೊತೆ ಇಬ್ಬರು, ಮಳೆ ಕಡಿಮೆಯಾಗಲೆಂದು ಕಾಯುತ್ತ. ಓಡಿಹೋಗಿ, “ಅಜ್ಜ, ಅವರನ್ನು ಒಳಗೆ ಕರೆಯಿರಿ” ಎಂದೆ.

“ನಾನು ಬೇಡ ಅಂದ್ನಾ? ಬಾಗ್ಲು ತೆಗ್ದೇ ಅದೆ. ಕಾನೂನೂ ಅದೆ.”

“ನೀವು ಬಾಯಿ ಬಿಟ್ಟು ಕರೆಯಿರಿ.”

ಅಜ್ಜ ನಶ್ಯದ ಡಬ್ಬಿ ತೆಗೆದರು.

ಗಂಗೆಯ ಹತ್ತಿರ ಬಂದು ಕೈಮುಗಿದೆ. ಬಾ, ಮಗಳಿಗಾಗಿಯಾದರೂ ಬಾ ಎಂದೆ. “ಅಲ್ಲಿ ಕೂತೋರ ಮುಖ ನೋಡುದ್ರಾ?” ಎಂದಳು. “ಆ ಮುಖದ ಮುಂದೆ ನನ್ನ ಮಗಳು ನೋವು ತಿನ್ಬೇಕಾ? ಮೊದ್ಲಾಗಿದ್ರೆ ನಮ್ಮ ಜಾಗ ಇತ್ತು. ಬಾಗಿ ಹೋಗ್ತಿದ್ವಿ, ಹೋದ್ಮೇಲೆ ಯಾರ ಮುಖಾನೂ ಕಾಣ್ತಿರ್ಲಿಲ್ಲ.”

ಅವರ ಪಕ್ಕದಲ್ಲಿ ಮಳೆಯಲ್ಲಿ ನಿಂತೆ. ಛತ್ರಿಯನ್ನೂ ಮಡಿಚಿದೆ.

ಗಂಗೆ ನನ್ನ ಕಡೆ ತಿರುಗಿ ನೋಡಿದಳು. “ನೀನು ನೆಂದ್ರೆ ನನ್ನ ಮಗಳು ಒಣಗ್ತಾಳಾ? ಆ ಛತ್ರಿ ಬಿಚ್ಚಿ ಇವಳ ಮೇಲೆ ಹಿಡಿ.”

ಹಿಡಿದೆ. ಗಾಳಿಗೆ ಅದು ತಿರುಗಿಬಿತ್ತು, ಕಡ್ಡಿ ಮುರಿಯಿತು. ಹಳ್ಳ ಇಳಿಯುವಾಗ ಸಂಜೆಯಾಗಿತ್ತು. ಚಿನ್ನಿ ಇಡೀ ಹೊತ್ತು ಅಳಲಿಲ್ಲ. ಹಲ್ಲು ಕಟಕಟ ಅನ್ನುವುದು ಮಾತ್ರ ಕೇಳುತ್ತಿತ್ತು.

೧೯ ಜುಲೈ, ಮಂಗಳವಾರ

ಚಿನ್ನಿಗೆ ಹೆರಿಗೆಯಾಯಿತು. ಗಂಡು. ಮಗು ಉಸಿರಾಡಲಿಲ್ಲ.

೨೧ ಜುಲೈ, ಗುರುವಾರ

ಮಳೆಯಿಂದಲೇ ಹೀಗಾಯಿತು ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಯಾರೂ ಹೇಳಲಿಲ್ಲ.

೭ ಆಗಸ್ಟ್, ಭಾನುವಾರ

ಮಾವ ಹೊಸ ಕರಪತ್ರಗಳ ಕಟ್ಟು ತಂದ. ಬಿಚ್ಚಲಿಲ್ಲ.

೧೪ ಆಗಸ್ಟ್, ಭಾನುವಾರ

ನಾಳೆ ಶಾಲೆಯಲ್ಲಿ ಬಾವುಟ. ನಾನು ಭಾಷಣ ಮಾಡಬೇಕೆಂದು ಮೇಷ್ಟ್ರು ಹೇಳಿಕಳಿಸಿದ್ದಾರೆ. ಏನು ಹೇಳಲಿ ಎಂದು ಚಾವಡಿಯ ಚರಿತ್ರೆಯ ಹಾಳೆ ತೆಗೆದೆ. “ತಿರಸ್ಕಾರವೇ ಇಲ್ಲಿ ಕಂಬವಾಗಿ ನಿಂತಿದೆ.” ಅಜ್ಜಿ ಒಲೆಯ ಮುಂದೆ ಹಪ್ಪಳ ಸುಡುತ್ತಿದ್ದಳು.

“ಅಜ್ಜಿ, ಹೊರ ಅಂಕಣ ಕಟ್ಟಿಸಿದ್ದು ಯಾರು?” ಎಂದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

“ಕಟ್ಟಿಸಿದ್ದಲ್ಲ ಮಗಾ. ಅವರೇ ಕಟ್ಕೊಂಡಿದ್ದು.”

ಅಜ್ಜಿ ಮದುವೆಯಾಗಿ ಈ ಮನೆಗೆ ಬಂದ ಹೊಸತಂತೆ. ಆಗ ಚಾವಡಿಗೆ ನಾಲ್ಕೇ ಅಂಕಣ. ಕೇರಿಯವರು ಹೊರಗೆ ಮಳೆಯಲ್ಲಿ ನಿಲ್ಲುತ್ತಿದ್ದರು. ಹಾಗೆ ನಿಂತು ನಿಂತೇ ಒಬ್ಬಳು ಮುದುಕಿ ಹೋದಳು. ಒಂದು ಮಾಡು ಹಾಕಿಕೊಡಿ ಎಂದು ಕೇಳಿದರೆ ಮುತ್ತಜ್ಜ, ಅಂದರೆ ಅಜ್ಜನ ಅಪ್ಪ, ಊರ ಕಾಡಿನಿಂದ ಒಂದು ಕೊಂಬೆ ಕಡಿಯಲೂ ಬಿಡಲಿಲ್ಲ. ಆದರೆ ಹೊಳೆಯಲ್ಲಿ ತೇಲಿ ಬಂದ ಮರ ಹಿಡಿದವರದು, ಅದು ಆಗಲೂ ಈಗಲೂ ಇರುವ ಪದ್ಧತಿ. ಆ ಮಳೆಗಾಲವೆಲ್ಲ ಕೆಂಚನ ಅಜ್ಜ ಮತ್ತವನ ಜೊತೆಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹೊಳೆ ತಿರುಗುವಲ್ಲಿ ನೆರೆಗೆ ಇಳಿದು ಮರ ಹಿಡಿದರು. ಒಬ್ಬ ಕೊಚ್ಚಿಹೋದ. ಯಾವ ಮರ ಬಂತೋ ಅದು. ನೇರಳೆ, ಮತ್ತಿ, ಹಲಸು.

“ಬೇಸಗೇಲಿ ಒಂದಿನ ಬೆಳಗಾಗೋದ್ರಲ್ಲಿ ನಿಂತಿತ್ತು. ನಮ್ಮಾವ ಆಳುಗಳನ್ನ ಕರ್ಕೊಂಡು ಕೆಡವಕ್ಕೆ ಹೋದ್ರು. ಅವರು ಕಂಬಕ್ಕೊಬ್ಬರಂಗೆ ಅಪ್ಕೊಂಡು ಕೂತ್ಬಿಟ್ಟಿದ್ರು. ಹೆಂಗಸ್ರೂ ಇದ್ರು. ಒಂದು ಮಾತಿಲ್ಲ, ಬೈಗುಳಿಲ್ಲ. ಅಪ್ಕೊಂಡು ಕೂತ್ರು ಅಷ್ಟೆ. ಅವರ ಕೈ ಬಿಡಿಸ್ಬೇಕು ಅಂದ್ರೆ ಮುಟ್ಟಬೇಕಲ್ಲ. ಮುಟ್ಟಕ್ಕೆ ನಮ್ಮೋರು ಯಾರೂ ಒಪ್ಪಲಿಲ್ಲ. ಸಂಜೆಗಂಟ ನಿಂತಿದ್ದು ವಾಪಸ್ ಬಂದ್ರು. ಸಾಯೋಗಂಟ ನಮ್ಮಾವ ಆ ದಾರೀಲಿ ಓಡಾಡಲಿಲ್ಲ.”

ಹಪ್ಪಳ ಸೀದು ವಾಸನೆ ಬಂತು.

“ನೀನು ನನಗೆ ಯಾಕೆ ಹೇಳಲಿಲ್ಲ?”

“ನೀನು ಕೇಳಿದ್ಯಾ? ನೀನು ಓದಿ ಹೇಳ್ತಿದ್ದೆ.”

ನಮ್ಮಪ್ಪನ ಕೈಲಿ ಆಗ್ದಿದ್ದು ನಿನ್ನ ಕೈಲಿ ಆಯ್ತು ಬಿಡು.

ನಾಳೆ ಭಾಷಣಕ್ಕೆ ಹೋಗುವುದಿಲ್ಲ.

೨೮ ಆಗಸ್ಟ್, ಭಾನುವಾರ

ಕೇರಿಗೆ ಹೋದೆ. ಹುಟ್ಟಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರ.

ಚಿನ್ನಿ ಒಳಗೆ ಮಲಗಿದ್ದಳು, ನಾನು ಬಂದದ್ದು ತಿಳಿದು ಗೋಡೆಯ ಕಡೆ ಹೊರಳಿದಳು. ಗಂಗೆ ಅಂಗಳದಲ್ಲಿ ರಾಗಿ ಒಣಗಿಸುತ್ತಿದ್ದಳು. ನನಗೆ ಗೊತ್ತಿರಲಿಲ್ಲ, ಕಂಬದ ವಿಷಯ ನನಗೆ ಯಾರೂ ಹೇಳಿರಲಿಲ್ಲ ಎಂದೆ. ಒಳಗೆ ಕೂರುವ ಹಕ್ಕು ಎಲ್ಲರಿಗೂ ಇದೆ, ಅದಕ್ಕಾಗಿಯೇ ಮಾಡಿದೆ ಎಂದೆ. ಮಾತು ಹೊರಬರುತ್ತಿದ್ದಂತೆ ನನ್ನ ಕಿವಿಗೇ ಬೇರೆ ಯಾರದೋ ಮಾತಿನಂತೆ ಕೇಳಿತು.

ಗಂಗೆ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. “ಅಡ್ಡ ಇದ್ದಿದ್ದು ತಡಿಕೆ. ನೀನು ತಡಿಕೆ ಬಿಟ್ಟು ಮಾಡು ಕಿತ್ತೆ. ಎಲ್ಲಾರೂ ನಿಂತು ನೋಡುದ್ವಿ. ನಿಮ್ಮಜ್ಜ ಒಬ್ರೇ ಬಂದು ಕಿತ್ತಿದ್ರೆ ನಾವೂ ನಮ್ಮೋರಂಗೆ ಕಂಬ ಅಪ್ಕೊಂಡು ಕೂರ್ತಿದ್ವೇನೋ. ನಮ್ಮ ಒಳ್ಳೇದಕ್ಕೆ ಅಂತ ನೀನು ನಿಂತಿದ್ದಲ್ಲ, ಏನು ಮಾಡೋದು ತಿಳೀಲಿಲ್ಲ.”

ಸ್ವಲ್ಪ ಹೊತ್ತು ನಿಂತಿದ್ದು ಬಂದೆ. ಕೂರು ಅನ್ನಲಿಲ್ಲ.

ಕಂಬಗಳನ್ನು ಸೌದೆಗೆ ಕೇಳಿದ್ದಾನೆ ಎಂದು ಬರೆದಿದ್ದೆ. ಆ ಪುಟವನ್ನು ಹರಿಯೋಣ ಎನಿಸಿತು. ಹರಿಯುವುದಿಲ್ಲ.

೪ ಸೆಪ್ಟೆಂಬರ್, ಭಾನುವಾರ

ಕಂಬಗಳನ್ನು ಅವರಿಗೆ ಕೊಡಿ, ಅವರು ಮತ್ತೆ ಮಾಡು ಕಟ್ಟಿಕೊಳ್ಳಲಿ ಎಂದು ಅಜ್ಜನನ್ನು ಕೇಳಿದೆ. ಅಜ್ಜನಿಗೆ ನಗು ಬಂತು.

“ಅವರಿಗೆ ಬೇರೆ ಅಂಕಣ ಕಟ್ಟಿದ್ರೆ ಕಾನೂನಿಗೆ ವಿರುದ್ಧ ಅಲ್ವೇನಮ್ಮ? ನೀನೇ ಓದಿದ್ದೆ ಜಗಲಿ ಮೇಲೆ. ನಾನು ಪಟೇಲ, ಕಾನೂನು ಮೀರಕ್ಕಾಯ್ತದಾ?”

ನಾನು ಹರಿತ ಮಾಡಿಟ್ಟ ಕತ್ತಿಯನ್ನು ಅಜ್ಜ ಹಿಡಿಯ ಕಡೆಯಿಂದ ಹಿಡಿದಿದ್ದಾರೆ. ಕೇರಿಗೆ ಹೋಗಿ ಇದನ್ನೂ ಗಂಗೆಗೆ ಹೇಳಿದೆ. ಹೇಳಬೇಕು ಎನಿಸಿತು, ಅಷ್ಟೇ. ಸಲಹೆ ಏನೂ ಕೊಡಲಿಲ್ಲ. ಗಂಗೆ ಈ ಸಲ ಮೊರವನ್ನು ನನ್ನ ಕಡೆ ತಳ್ಳಿದಳು. ಅಲಸಂದೆಕಾಯಿ ಇತ್ತು. ಸುಲಿಯುತ್ತ ಕೂತೆ.

೧೧ ಸೆಪ್ಟೆಂಬರ್, ಭಾನುವಾರ

ಇವತ್ತೂ ಹೋದೆ. ಚಿನ್ನಿ ಎದ್ದು ಜಗಲಿಗೆ ಬಂದು ಕೂತಿದ್ದಳು. ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿಸಲು ನಾನೂ ಹೋಗಲಿಲ್ಲ.

೧೫ ಸೆಪ್ಟೆಂಬರ್, ಗುರುವಾರ

ಮಧ್ಯಾಹ್ನ ಗಂಗೆ ನಮ್ಮ ಹಿತ್ತಲಿಗೆ ಬಂದಳು. ಬೇಲಿಯ ಆಚೆ ನಿಂತಳು. ನಾನು ಹೊರಗೆ ಹೋದೆ, ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

“ಭಾನುವಾರ ಕಂಬಗಳನ್ನ ಮತ್ತೆ ನಿಲ್ಲಿಸ್ತೀವಿ” ಎಂದಳು ಗಂಗೆ. “ಅದೇ ಗುಳಿ, ಅದೇ ಕಂಬ. ತಡಿಕೆ ಮಾತ್ರ ಇರಕ್ಕಿಲ್ಲ. ಅದನ್ನ ಮೊದ್ಲು ಕೀಳ್ತೀವಿ. ಆಮ್ಯಾಕೆ ಒಳಗ್ಯಾವುದು ಹೊರಗ್ಯಾವುದು? ಐದು ಅಂಕಣದ್ದೊಂದು ಚಾವಡಿ. ನಿಮ್ಮಜ್ಜ ಕಾನೂನು ಎಲ್ಲಿಗೆ ಹಾಕ್ತಾರೋ ಹಾಕ್ಲಿ.”

ಇದು ನನಗೆ ಯಾಕೆ ಹೊಳೆಯಲಿಲ್ಲ?

“ಕೊಟ್ಟಿಗೆಗೆ ಬೀಗ ಇದೆ” ಎಂದೆ.

ಹಿಂದಿನಿಂದ ಅಜ್ಜಿಯ ದನಿ ಬಂತು. “ಆ ಬೀಗದ ಕೈ ನಂತಾವ ಇತ್ತು. ಭಾನುವಾರ ಬೆಳಗ್ಗೆ ಎಲ್ಲೋ ಬೀಳಿಸ್ಕೊಂಡೆ.”

“ಭಾನುವಾರ ಇನ್ನೂ ಬಂದಿಲ್ಲ ಅಜ್ಜಿ.”

“ಅದಕ್ಕೇ ಈಗ್ಲೇ ಹೇಳ್ತಿರೋದು” ಎಂದು ಬತ್ತಿ ಹೊಸೆಯುತ್ತ ಕೂತಳು.

ಗಂಗೆ ಮೊದಲ ಸಲ ಸ್ವಲ್ಪ ನಕ್ಕಳು. ಆಮೇಲೆ ನಗು ನಿಂತಿತು. ಅಜ್ಜ ಜನರನ್ನು ಕರೆದುಕೊಂಡು ಬಂದೇ ಬರುತ್ತಾರೆ, ಈ ಸಲ ಮುಟ್ಟಲು ಹಿಂಜರಿಯುವುದಿಲ್ಲ, ಹೊಡೆಯಲೂಬಹುದು ಎಂದಳು. ಕಂಬಕ್ಕೊಬ್ಬರು ಬೇಕು. ನೇರಳೆ ಕಂಬಕ್ಕೆ ಕೆಂಚ. ಮತ್ತಿಗೆ ಅವನ ತಮ್ಮ. ಹಲಸಿಗೆ ಗಂಗೆ. ಸೊಟ್ಟ ಕಂಬವನ್ನು ಚಿನ್ನಿ ಹಿಡಿಯುತ್ತೇನೆ ಎಂದಿದ್ದಳಂತೆ. ಅವಳಿಗಿನ್ನೂ ನಿಲ್ಲುವ ಶಕ್ತಿಯಿಲ್ಲ.

“ಆ ಕಂಬಕ್ಕೆ ಜನ ಇಲ್ಲ” ಎಂದಳು. “ನಿಮ್ಮಜ್ಜ ಎದುರಿಗೆ ನಿಂತಿರ್ತಾರೆ. ನೋಡ್ಕೋ. ಬರೋದಾದ್ರೆ ಬಾ. ಭಾಷಣ ಬೇಡ. ಬಾಯಿ ಮುಚ್ಕೊಂಡು ಅಪ್ಕೊಂಡು ಕೂರಬೇಕು. ಎಲ್ಲಾರೂ ಹೋಗೋಗಂಟ ಕೈ ಬಿಡಂಗಿಲ್ಲ.”

ಬರುತ್ತೇನೆ ಎಂದೆ. ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಗಂಗೆ ಹೊರಟು, ಬೇಲಿಯ ತಿರುವಿನಲ್ಲಿ ನಿಂತು ಹೇಳಿದಳು.

“ಭಾನುವಾರ, ಬೆಳಗ್ಗೆ ಏಳು ಗಂಟೆ, ಕಡವಿನತಾವ. ತಡ ಮಾಡ್ಬೇಡ ಸರೋಜ.”